ಮೂಗಿನ ಕೆಲಸ ಮುಳ್ಳಿಗೆ

ನಮ್ಮ ಮನೆಯವರ ಮೂಗಿಗೆ ಹಗರಿಬೊಮ್ಮನಹಳ್ಳಿಯ ಗಾಡಿ ಸ್ಟ್ಯಾಂಡಿನಲ್ಲಿ ದೊಡ್ಡ ಹೆಸರಿತ್ತು. ಯಾರದಾದರೂ ಗಾಡಿಯಲ್ಲಿ ಬೆಲ್ಟ್ ಸವೆಯುತ್ತಿದ್ದರೆ, ಕ್ಲಚ್ ಸುಡುತ್ತಿದ್ದರೆ, ಆಯಿಲ್ ಸೋರಿ ಬಿಸಿ ಕಬ್ಬಿಣದ ಮೇಲೆ ತೊಟ್ಟಿಕ್ಕುತ್ತಿದ್ದರೆ, ಬಾನೆಟ್ ಎತ್ತುವ ಮೊದಲೇ ಇವರು ಹೇಳಿಬಿಡುತ್ತಿದ್ದರು. ನಾನು ಹರಪನಹಳ್ಳಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಓಣಿಯ ತುದಿಯಲ್ಲಿ ನಿಂತೇ ಇವತ್ತು ಹುರುಳಿ ಸಾರು ಎಂದು ಹೇಳಿ ನನ್ನನ್ನು ಬೆರಗಾಗಿಸಿದ್ದರು. ಆಮೇಲಾಮೇಲೆ ಅದು ತಲೆನೋವಾಯಿತು. ಅಂಥ ಮೂಗಿರುವ ಗಂಡಸಿನ ಮನೆಯಲ್ಲಿ ಹೆಂಗಸು ಒಂದು ಮಿರ್ಚಿ ಬಜಿಯನ್ನೂ ಗುಟ್ಟಾಗಿ ತಿನ್ನುವಂತಿಲ್ಲ. ಅವರ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಗಂಡನ ಹೆಸರು ಬಾಯಿಂದ ಬರಬಾರದು ಎಂದು ಅತ್ತೆ ಕಲಿಸಿದ್ದರು. ಪೆನ್ನಿನಿಂದ ಬರಬಹುದೋ ಇಲ್ಲವೋ ಎಂದು ಕೇಳಿಕೊಳ್ಳುವಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು.

ನಮ್ಮದು ಹತ್ತು ಜನ ಕೂರುವ ಹಳೆಯ ಜೀಪು. ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಮಾಡಿಕೊಂಡು ಕೂಡ್ಲಿಗಿ ರಸ್ತೆಯ ಹಳ್ಳಿಗಳ ಶಾಲೆಗಳಲ್ಲಿ ಪಾಠ ಮಾಡುವ ಎಂಟು ಮಂದಿ ಶಿಕ್ಷಕಿಯರನ್ನು ಬೆಳಿಗ್ಗೆ ಒಯ್ದು ಸಂಜೆ ಕರೆತರುವುದು ಇವರ ಕೆಲಸ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಏಳನೇ ಕ್ಲಾಸಿನಲ್ಲಿ ನಪಾಸಾಗಿ ಶಾಲೆ ಬಿಟ್ಟ ಮನುಷ್ಯ ದಿನಾ ಎಂಟು ಜನ ಅಕ್ಕೋರನ್ನು ಶಾಲೆಗೆ ಮುಟ್ಟಿಸುವುದರಲ್ಲಿ ಅವರಿಗೆ ಒಂದು ಗತ್ತು. ಅವರು ಆ ಸ್ಟೇರಿಂಗ್ ಹಿಂದೆ ಕೂತಾಗಿನ ಮುಖವೇ ಬೇರೆ. ಮನೆಯಲ್ಲಿ ಕಾಣುವ ಮುಖ ಅದರ ಅರ್ಧದಷ್ಟೂ ಬೆಳಗುವುದಿಲ್ಲ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ಇನ್ನು ನನ್ನ ತಪ್ಪಿನ ಕಥೆ. ನಮ್ಮ ಮನೆಯಲ್ಲಿ ಆಯುಧ ಪೂಜೆಯೆಂದರೆ ಕಬ್ಬಿಣ, ಹಿತ್ತಾಳೆ ಯಾವುದಕ್ಕೂ ವಿಭೂತಿ ತಪ್ಪಬಾರದು. ಅದು ಅತ್ತೆಯ ಕಾಲದಿಂದ ಬಂದ ಪದ್ಧತಿ. ಕುಡುಗೋಲು, ಈಳಿಗೆಮಣೆ, ಹೊಲಿಗೆ ಮಿಷಿನ್ನು, ಕೊನೆಗೆ ಆಶಾ ಕಾರ್ಯಕರ್ತೆಯಾದ ನನ್ನ ಬ್ಯಾಗಿನ ಥರ್ಮಾಮೀಟರಿಗೂ ಮೂರು ಬೆರಳಿನ ಪಟ್ಟೆ. ಹೋದ ವರ್ಷ ಗಾಡಿಯ ಪಾಳಿ ಬಂದಾಗ ಬಾನೆಟ್ ಎತ್ತಿಸಿ, ಪೈಪು ಹಿಡಿದು ಎಂಜಿನ್ನನ್ನು ಥಳಥಳ ತೊಳೆದೆ. ಆಮೇಲೆ ವಿಭೂತಿಯನ್ನು ನೀರಿನಲ್ಲಿ ಕಲೆಸಿಕೊಂಡು ಕೈಗೆ ಸಿಕ್ಕ ಭಾಗಕ್ಕೆಲ್ಲ ಹಚ್ಚುತ್ತ ಹೋದೆ. ಒಂದು ಕಡೆ ಹೆಬ್ಬೆರಳಿನಷ್ಟು ಹಿತ್ತಾಳೆಯ ತುಂಡು ಕಂಡಿತು. ಅದರ ತಲೆಗೆ ವೈರು ಬಂದು ಸೇರುವಲ್ಲಿ ಕರಿ ರಬ್ಬರಿನ ಟೊಪ್ಪಿಗೆ. ಒಳಗಿನ ಹಿತ್ತಾಳೆ ಪೂಜೆಯಿಂದ ವಂಚಿತವಾಗಬಾರದಲ್ಲ! ಟೊಪ್ಪಿಗೆ ಕಿತ್ತು, ಒಳಗೆ ಬೆರಳು ಹೋದಷ್ಟೂ ವಿಭೂತಿ ಹಚ್ಚಿ, ಒತ್ತಿ ಕೂರಿಸಿದೆ. ಅದು ಎಂಜಿನ್ನಿನ ಬಿಸಿ ಎಷ್ಟೆಂದು ತಿಳಿದು ಮುಂದಿನ ಮೀಟರಿಗೆ ಹೇಳುವ ಸೆನ್ಸರ್ ಎಂದು ನನಗೆ ಯಾರು ಹೇಳಬೇಕು?

ದೀಪಾವಳಿ ಕಳೆಯುತ್ತಲೇ ಮೀಟರಿನ ಮುಳ್ಳು ಕುಣಿಯತೊಡಗಿತು. ಮುಂಜಾನೆ ಗಾಡಿ ಇನ್ನೂ ತಣ್ಣಗಿರುವಾಗಲೇ ಕೆಂಪು ಗೆರೆ ಮುಟ್ಟುವುದು, ರಸ್ತೆಯ ಗುಂಡಿಯಲ್ಲಿ ಚಕ್ರ ಇಳಿದ ಕೂಡಲೇ ಧೊಪ್ಪನೆ ಕೆಳಗೆ ಬೀಳುವುದು. ನಾಲ್ಕು ದಿನ ನೋಡಿದ ಇವರು ಇದು ಬರೀ ಸುಳ್ಳು ಹೇಳುತ್ತದೆಂದು ತೀರ್ಮಾನಿಸಿ, ಆ ವೈರನ್ನೇ ಕಿತ್ತು ಟೇಪು ಸುತ್ತಿ ಬದಿಗೆ ಕಟ್ಟಿಬಿಟ್ಟರು. ಹೆದರಿಸುವ ಮುಳ್ಳಿನ, ಹೆದರಿಸುವ ದೀಪದ ವೈರು ಕೀಳುವುದು ನಮ್ಮ ಸ್ಟ್ಯಾಂಡಿನ ರಿವಾಜು. ಅಲ್ಲಿನ ಅರ್ಧ ಗಾಡಿಗಳ ಮೀಟರುಗಳು ಹಾಗೆಯೇ ನಿದ್ದೆ ಮಾಡುತ್ತಿರುತ್ತವೆ. ಇವರಿಗಂತೂ ಮೂಗಿತ್ತು. ಗಾಡಿ ಕಾಯುತ್ತಿದ್ದರೆ ಬಿಸಿ ರಬ್ಬರಿನ ವಾಸನೆ ಒಂದು ಮೈಲಿ ಮೊದಲೇ ತಿಳಿಯುವ ಮನುಷ್ಯನಿಗೆ ಮುಳ್ಳಿನ ಹಂಗೇಕೆ?

ಸಂಕ್ರಾಂತಿಯ ಹೊತ್ತಿಗೆ ಇವರು ಜ್ವರ, ನೆಗಡಿಯಿಂದ ಐದು ದಿನ ಮಲಗಿದರು. ಊರಿನ ಮನೆಮನೆಗೂ ಹೋಗಿ ಜ್ವರ ಬಂದಿತ್ತಾ, ಬಾಯಿರುಚಿ ಇದೆಯಾ, ವಾಸನೆ ತಿಳಿಯುತ್ತದಾ ಎಂದು ಕೇಳುವವಳು ನಾನು. ಆದರೆ ನನ್ನ ಮನೆಯ ಮಂಚದ ಮೇಲಿದ್ದವರಿಗೆ ಥರ್ಮಾಮೀಟರ್ ಇಟ್ಟು, ಗುಳಿಗೆ ಕೊಟ್ಟು, ಗಂಜಿ ಕುಡಿಸಿ ಮುಗಿಸಿದೆ. ಕೇಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಜ್ವರ ಬಿಟ್ಟಿತು, ಇವರು ಎದ್ದು ಗಾಡಿ ಹೊರಡಿಸಿದರು. ಆಮೇಲೆ ಸಾರಿನ ಹೆಸರು ಹೇಳುವುದನ್ನು ನಿಲ್ಲಿಸಿದ್ದರು. ವಯಸ್ಸಾಯಿತು, ಚೇಷ್ಟೆ ಕಡಿಮೆಯಾಯಿತು ಎಂದುಕೊಂಡೆ.

ಶಿವರಾತ್ರಿಯ ಮರುವಾರ ಸಂಜೆ ಅಕ್ಕೋರನ್ನು ಕರೆತರುವಾಗ ಗಾಡಿ ಕುದಿಯಿತು. ರೇಡಿಯೇಟರಿನ ಕೆಳಗಿನ ಪೈಪಿನ ಕ್ಲಿಪ್ಪು ಸಡಿಲವಾಗಿ ನೀರು ಸೋರುತ್ತ ಬಂದಿದೆ. ಎಂಟು ಜನರಲ್ಲಿ ಹಿರಿಯರಾದ ಅಕ್ಕೋರು, ನಿವೃತ್ತಿಗೆ ಎರಡು ವರ್ಷವಿರುವವರು, ಏನೋ ಸುಟ್ಟ ವಾಸನೆ ಎಂದು ಎರಡು ಸಲ ಹೇಳಿದ್ದಾರೆ. ಇವರು ರಸ್ತೆ ಬದಿ ಯಾರೋ ಟೈರು ಸುಡುತ್ತಿದ್ದಾರೆ ಎಂದು ಹೇಳಿ ಮುಂದೆ ಓಡಿಸಿದ್ದಾರೆ. ಸ್ವಲ್ಪ ದೂರದಲ್ಲಿ ಬಾನೆಟ್ಟಿನಿಂದ ಹಬೆ ಬುಸ್ಸೆಂದು ಎದ್ದು, ಹೆಂಗಸರೆಲ್ಲ ಚೀರಿಕೊಂಡು ಹಿಂದಿನ ಬಾಗಿಲಿನಿಂದ ಧುಮುಕಿದರಂತೆ. ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ಮೈಲಿ ಓಡಿದ್ದರೆ ಎಂಜಿನ್ನಿನ ತಲೆಯೇ ಸೊಟ್ಟಗಾಗುತ್ತಿತ್ತು ಎಂದರು ಮೆಕ್ಯಾನಿಕ್.

ಎರಡು ದಿನ ಬಿಟ್ಟು ಆ ಹಿರಿಯ ಅಕ್ಕೋರು ನನಗೆ ಫೋನು ಮಾಡಿದರು. ಮೆತ್ತಗಿನ ಮಾತಿನವರು, ಸುತ್ತಿ ಬಳಸಿ ವಿಷಯಕ್ಕೆ ಬಂದರು. ಪೈಪು ಯಾರ ಗಾಡಿಯಲ್ಲಾದರೂ ಬಿಚ್ಚಬಹುದು, ಅದಕ್ಕೆ ಬೇಸರವಿಲ್ಲ. ವಾಸನೆ ಬರುತ್ತಿದೆ ಎಂದು ಬಾಯಿಬಿಟ್ಟು ಹೇಳಿದರೂ ಟೈರು ಎಂದು ಸಾಗಹಾಕಿದ್ದು ಯಾರಿಗೂ ಸರಿಬಂದಿಲ್ಲ. ಬೇಸಿಗೆ ರಜೆ ಕೊಡುವವರೆಗೆ ಇದೇ ಗಾಡಿಯಲ್ಲಿ ಬರುತ್ತಾರೆ, ಜೂನ್‌ನಿಂದ ಬೇರೆ ಗಾಡಿ ನೋಡಿಕೊಳ್ಳುವ ಮಾತು ನಡೆದಿದೆ. ನನಗೆ ಮೈಯೆಲ್ಲ ಉರಿಯಿತು. ಹದಿಮೂರು ವರ್ಷ ಒಂದು ದಿನ ತಡಮಾಡದ ಮನುಷ್ಯನ ಬಗ್ಗೆ ಹೀಗಂದರೆ! ಫೋನು ಇಟ್ಟ ಮೇಲೆ ಇವರ ಪರವಾಗಿ ಒಬ್ಬಳೇ ಜಗಳವಾಡಿಕೊಂಡೆ. ಇವರು ಮಾತ್ರ ಸುದ್ದಿ ಕೇಳಿ ತಲೆ ತಗ್ಗಿಸಿ ಕೂತರು. ಅದೇಕೆಂದು ನನಗೆ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದ್ದು ಶೇಂಗಾ. ಒಂದು ಭಾನುವಾರ ಹಿಂಡಿ ಚಟ್ನಿಪುಡಿಗೆಂದು ಶೇಂಗಾ ಹುರಿಯಲು ಇಟ್ಟು ಬಾಗಿಲಲ್ಲಿ ನಿಂತ ನೆರೆಯವಳ ಜೊತೆ ಮಾತಿಗೆ ನಿಂತೆ. ಮಾತು ಬೆಳೆಯಿತು. ಬಾಗಿಲಿಗೇ ಸುಟ್ಟ ವಾಸನೆ ಬಂದಾಗ ಓಡಿ ಹೋದರೆ ಬಾಣಲೆಯಲ್ಲಿ ಶೇಂಗಾ ಇದ್ದಿಲಾಗಿದೆ. ಒಲೆಯಿಂದ ಮೂರು ಮಾರು ದೂರದಲ್ಲಿ, ಅಡುಗೆಮನೆಗೆ ಬೆನ್ನು ಮಾಡಿ ಕೂತು ಇವರು ನೆಮ್ಮದಿಯಾಗಿ ಚಪ್ಪಲಿಗೆ ದಾರ ಹಾಕುತ್ತಿದ್ದರು. ಯಾಕೆ ಓಡಿ ಬಂದೆ ಎಂದು ನನ್ನನ್ನೇ ಕೇಳಿದರು.

ನಾನು ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಒಳಗೆ ಹೋಗಿ ಇಂಗಿನ ಡಬ್ಬಿ ತಂದೆ. ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಹಿಡಿದು, ಏನಿದು ಹೇಳಿ ಎಂದೆ. ಬಹಳ ಹೊತ್ತು ಎಳೆದುಕೊಂಡರು. ಆಮೇಲೆ ಮೆಲ್ಲಗೆ, ಯಾಲಕ್ಕಿ ಅಂದರು.

ನಗು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು. ಕಣ್ಣು ತೆರೆದು ಡಬ್ಬಿ ನೋಡಿದ ಇವರ ಮುಖದ ಬಣ್ಣವೇ ಇಳಿಯಿತು.

“ಜ್ವರ ಬಿಟ್ಟಾಗಿಂದ ಒಂದೂ ವಾಸನಿ ಇಲ್ಲ,” ಅಂದರು. “ಯಾರ ಮುಂದೂ ಹೇಳಬ್ಯಾಡ. ಅಕ್ಕೋರಿಗಿ ಗೊತ್ತಾದ್ರ ಇವತ್ತ ಗಾಡಿ ಇಳಿದುಬಿಡ್ತಾರ.”

“ನನ್ನ ಮುಂದಾದ್ರೂ ಹೇಳಬಾರದೇನ್ರಿ?” ಅಂದೆ.

ನಾಳೆ ಬರಬಹುದು, ನಾಡಿದ್ದು ಬರಬಹುದು ಎಂದು ಕಾದಿದ್ದರಂತೆ. ಆ ದಿನ ಅಕ್ಕೋರು ವಾಸನೆ ಎಂದಾಗ ಎದೆ ಧಸಕ್ಕೆಂದರೂ, ತನಗೆ ಬಾರದ ವಾಸನೆ ಸುಳ್ಳೇ ಇರಬೇಕೆಂದು ತಮಗೆ ತಾವೇ ಹೇಳಿಕೊಂಡರಂತೆ. ಹೆಸರು ಮಾಡಿದ ಮೂಗು ಹೋಯಿತೆಂದು ಒಪ್ಪಿಕೊಳ್ಳುವುದಕ್ಕಿಂತ ಟೈರಿನ ಕಥೆ ಕಟ್ಟುವುದು ಸುಲಭವಾಗಿತ್ತು. ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಯಾವುದು ಹೆಚ್ಚೆಂದು ಇವತ್ತಿಗೂ ಹೇಳಲಾರೆ.

ಮರುದಿನವೇ ಡಾಕ್ಟರ ಹತ್ತಿರ ಕರೆದೊಯ್ದೆ. ತಿರುಗಿ ಬಂದರೂ ಬರಬಹುದು, ತಿಂಗಳುಗಟ್ಟಲೆ ಹಿಡಿಯಬಹುದು, ಬಾರದೆಯೂ ಇರಬಹುದು ಎಂದರು. ದಿನಾ ಎರಡು ಹೊತ್ತು ಲವಂಗ, ನಿಂಬೆಸಿಪ್ಪೆ ಮೂಸುವ ರೂಢಿ ಮಾಡಿಸಲು ಹೇಳಿದರು. ಅದನ್ನು ಶುರು ಮಾಡಿದೆವು. ಆದರೆ ಮೂಗು ಬರುವವರೆಗೆ ಗಾಡಿ ಕಾಯುತ್ತದೆಯೇ? ನಾನು ದಿನವಿಡೀ ತಾಯಂದಿರಿಗೆ ಹೇಳುವ ಮಾತೊಂದಿದೆ: ಕೂಸಿನ ಹಣೆ ಮುಟ್ಟಿ ಜ್ವರ ಎಷ್ಟೆಂದು ಹೇಳಬೇಡಿ, ಥರ್ಮಾಮೀಟರ್ ಇಡಿ. ಗಾಡಿಗೂ ಅಂಥದೊಂದು ಇರಲೇಬೇಕಲ್ಲ ಎಂದು ಕೇಳಿದೆ. ಇದೆ, ಆದರೆ ಅದು ಸುಳ್ಳುಬುರುಕ ಎಂದು ಇವರು ಗೊಣಗಿದರು. ಆ ಸುಳ್ಳುಬುರುಕನನ್ನೇ ಒಂದು ಸಲ ತೋರಿಸೋಣ ಎಂದು ಹಟ ಹಿಡಿದೆ.

ಕೊಟ್ಟೂರಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಸಾಬರೊಬ್ಬರಿದ್ದಾರೆ. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಮುಂದಿನ ಭಾನುವಾರ ಅವರ ಅಂಗಡಿಗೆ ಹೋದೆವು. ಟೇಪು ಬಿಚ್ಚಿ, ವೈರಿನ ಟೊಪ್ಪಿಗೆಯೊಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದವರೇ ಸಾಬರು ತಲೆ ಕೊಡವಿದರು.

“ಯಾರೋ ಇದರ ಬಾಯಾಗ ಬೂದಿ ತುಂಬ್ಯಾರ. ಬಾಯಿತುಂಬ ಬೂದಿ ಇಟ್ಕೊಂಡು ಇದು ಖರೇ ಹೆಂಗ ಮಾತಾಡ್ತೈತ್ರಿ?”

ಒಳಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ವಿಭೂತಿಯೂ ನೀರೂ ಸೇರಿ ಗಟ್ಟಿಯಾಗಿ ಕೂತಿತ್ತು. ಆಯುಧ ಪೂಜೆಯ ದಿನದ ನನ್ನ ಬೆರಳು ನೆನಪಾಗಿ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹೇಳಬಾರದಿತ್ತೇ ಎಂದು ಗಂಡನನ್ನು ಕೇಳಿದವಳು ನಾನೇ ಅಲ್ಲವೇ? ಅದು ಬೂದಿಯಲ್ಲ, ವಿಭೂತಿ, ಹಚ್ಚಿದವಳು ನಾನು ಎಂದು ಒಪ್ಪಿಕೊಂಡೆ. ಸಾಬರು ಗಡ್ಡದಲ್ಲೇ ನಕ್ಕರು. ದೇವರಿಗೆ ಕೈಮುಗಿಯಲು ಹೊರಗಿನಿಂದ ಮುಗಿದರೂ ನಡೆಯುತ್ತದೆ, ವೈರಿನೊಳಗೆ ಹೋಗಬೇಕಾಗಿಲ್ಲ ಎಂದರು. ನಮ್ಮ ಮನೆಯವರು ನನ್ನನ್ನು ನೋಡಿದ ನೋಟದಲ್ಲಿ ಬೈಗುಳವಿರಲಿಲ್ಲ, ಒಂಥರಾ ನಿರಾಳವಿತ್ತು. ಮನೆಯಲ್ಲಿ ತಪ್ಪು ಮಾಡಿದವರು ಈಗ ಇಬ್ಬರಾದರಲ್ಲ!

ಸಾಬರು ಗಾಡಿ ಪೂರ್ತಿ ತಣ್ಣಗಾಗುವವರೆಗೆ ಕಾಯಿಸಿ, ರೇಡಿಯೇಟರಿನ ಮುಚ್ಚಳ ತೆಗೆದು, ಪಾನಾ ಹಾಕಿ ಸೆನ್ಸರನ್ನು ತಿರುಗಿಸಿ ಹೊರತೆಗೆದರು. ನೀರಿನಲ್ಲಿ ಮುಳುಗಿರುವ ಅದರ ತುದಿಗೆ ಸುಣ್ಣದಂಥ ಬಿಳಿ ಪದರು. ನಮ್ಮ ಕಡೆ ಎಲ್ಲರೂ ರೇಡಿಯೇಟರಿಗೆ ಬೋರಿನ ನೀರನ್ನೇ ಸುರಿಯುತ್ತೇವೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಪದರು ಗಾಡಿಯೊಳಗೂ ಕಟ್ಟುತ್ತದೆಂದು ಎಣಿಸಿರಲಿಲ್ಲ. ಕಂಬಳಿ ಹೊದ್ದವನಿಗೆ ಬಿಸಿಲು ತಡವಾಗಿ ತಿಳಿಯುವ ಹಾಗೆ ಇದಕ್ಕೂ ಬಿಸಿ ತಡವಾಗಿ ತಿಳಿಯುತ್ತದೆ, ಇನ್ನು ಮೇಲೆ ಬೋರಿನ ನೀರು ಬಿಟ್ಟು ಕೂಲಂಟ್ ಹಾಕಿ ಎಂದರು.

ನಮ್ಮ ಮನೆಯವರಿಗೆ ಇನ್ನೂ ನಂಬಿಕೆಯಿಲ್ಲ. ಅದು ಅವರ ಮುಖದ ಮೇಲೇ ಇತ್ತು. ಸಾಬರು ಪಕ್ಕದ ಚಹಾದಂಗಡಿಗೆ ನಡೆದರು. ಗಾಡಿಯ ಸಾಮಾನನ್ನು ತನ್ನ ಪಾತ್ರೆಗೆ ಹಾಕಗೊಡುವುದಿಲ್ಲ ಎಂದು ಚಹಾದಂಗಡಿಯಾಕೆ ತಕರಾರು ತೆಗೆದಳು. ಕೊನೆಗೆ ಹಳೆಯ ಎಣ್ಣೆಡಬ್ಬಿಯಲ್ಲಿ ನೀರು ಹಾಕಿ ಒಲೆಯ ಮೇಲೆ ಇಟ್ಟದ್ದಾಯಿತು. ಪದರು ಕಟ್ಟಿದ ಹಳೆಯ ಸೆನ್ಸರನ್ನೂ ಅಂಗಡಿಯಿಂದ ತಂದ ಹೊಸದನ್ನೂ ತಂತಿಯಿಂದ ಇಳಿಬಿಟ್ಟು, ಎರಡಕ್ಕೂ ಕರೆಂಟಿನ ತಡೆ ಅಳೆಯುವ ಒಂದೊಂದು ಮಲ್ಟಿಮೀಟರ್ ಜೋಡಿಸಿದರು. ನೀರು ಬಿಸಿಯಾದ ಹಾಗೆಲ್ಲ ಆ ತಡೆ ಕಡಿಮೆಯಾಗಿ ಮೀಟರಿನ ಅಂಕಿ ಇಳಿಯುತ್ತದೆ ನೋಡಿ ಎಂದರು. ಹಾಗೆಯೇ ಆಯಿತು. ಹೊಸದರ ಅಂಕಿ ಸರಸರನೆ ಇಳಿಯಿತು. ಹಳೆಯದು ಹಿಂದೆ ಹಿಂದೆ ಕಾಲೆಳೆಯುತ್ತ ಇಳಿಯಿತು. ಒಲೆ ಸಣ್ಣ ಮಾಡಿದರೆ ಅಂಕಿ ನಿಂತಿತು, ತಣ್ಣೀರು ಸುರಿದರೆ ಏರಿತು. ಚಹಾ ಕುಡಿಯಲು ಬಂದವರೂ ಲೋಟ ಹಿಡಿದುಕೊಂಡು ಸುತ್ತ ನಿಂತರು.

ಇವರು ಡಬ್ಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತವರು ಏಳಲೇ ಇಲ್ಲ. ಮೂರು ಸಲ ನೀರು ಕಾಯಿಸಿ, ಮೂರು ಸಲ ತಣಿಸಿ ನೋಡಿದರು. ಕೊನೆಗೆ ಸಾಬರ ಕಡೆ ತಿರುಗಿ ಕೇಳಿದರು:

“ಇದಕ್ಕ ಮೂಗು ಬ್ಯಾಡೇನ್ರಿ?”

“ಬ್ಯಾಡ. ನೀರು ಬೇಕು,” ಎಂದರು ಸಾಬರು. “ಇದರ ತುದಿ ನೀರಾಗ ಮುಳುಗಿರಬೇಕು. ನೀರು ಸೋರಿ ಇದು ಗಾಳ್ಯಾಗ ಉಳೀತಂದ್ರ, ಎಂಜಿನ್ನು ಸುಟ್ಟರೂ ಮುಳ್ಳು ತಣ್ಣಗ ಮಲಗಿರತೈತಿ. ಅದಕ್ಕ ದಿನಾ ಮುಂಜಾನಿ ಗಾಡಿ ತಣ್ಣಗ ಇದ್ದಾಗ ನೀರು ನೋಡ್ರಿ. ನೀವು ನೀರು ನೋಡಿದ್ರ ಮುಳ್ಳು ನಿಮ್ಮನ್ನ ನೋಡ್ತೈತಿ.”

ಹೊಸದನ್ನು ಕೂರಿಸಿ, ಕಿಲುಬು ಕೆರೆದು, ವೈರು ಸೇರಿಸಿದೆವು. ಬರುವ ದಾರಿಯುದ್ದಕ್ಕೂ ಇವರು ರಸ್ತೆಗಿಂತ ಮುಳ್ಳನ್ನೇ ಹೆಚ್ಚು ನೋಡುತ್ತಿದ್ದರು. ಎದುರು ಬಂದ ಲಾರಿಯ ಕಡೆಯೂ ಸ್ವಲ್ಪ ಗಮನವಿರಲಿ ಎಂದು ನಾನೇ ಹೇಳಬೇಕಾಯಿತು. ಮುಳ್ಳು ಅರ್ಧದ ಹತ್ತಿರ ಏರಿ ಅಲ್ಲೇ ನಿಂತಿತು. ಮಾರನೆಯ ದಿನದಿಂದ ಇವರ ಮುಂಜಾನೆಯ ಕ್ರಮವೇ ಬದಲಾಯಿತು. ಎದ್ದು ಲವಂಗ ಮೂಸುವುದು, ಆಮೇಲೆ ಬಾನೆಟ್ ಎತ್ತಿ ನೀರಿನ ಮಟ್ಟ ನೋಡುವುದು, ಪೈಪಿನ ಕ್ಲಿಪ್ಪುಗಳನ್ನು ಕೈಯಿಂದ ಹಿಡಿದು ಅಲುಗಿಸುವುದು, ರಬ್ಬರಿನ ಟೊಪ್ಪಿಗೆ ಒಣಗಿದೆಯೇ ಎಂದು ಬೆರಳು ಆಡಿಸುವುದು. ಸ್ಟ್ಯಾಂಡಿನ ಇಬ್ಬರು ತಮ್ಮ ಗಾಡಿಗಳ ಕಿತ್ತ ವೈರುಗಳನ್ನು ಇವರಿಂದಲೇ ಕೂಡಿಸಿಕೊಂಡರು. ಗಾಡಿ ನೆಟ್ಟಗಾಯಿತು. ಆದರೆ ಅಕ್ಕೋರ ಮನಸ್ಸು ನೆಟ್ಟಗಾಗಿರಲಿಲ್ಲ. ಮೊದಲಿನ ಹರಟೆಯಿಲ್ಲದೆ ಏರುತ್ತಾರೆ, ಇಳಿಯುತ್ತಾರೆ ಎಂದು ಇವರು ಸಂಜೆ ಸಂಜೆ ಹೇಳುತ್ತಿದ್ದರು. ನಾನೇ ಹೋಗಿ ನಿಜ ಹೇಳಿಬರಲೇ ಎಂದರೆ ಕೈ ಮುಗಿಯುತ್ತಿದ್ದರು.

ರಜೆಗೆ ಮೂರು ದಿನವಿತ್ತು. ಕೂಡ್ಲಿಗಿಯಲ್ಲಿ ನನಗೊಂದು ತರಬೇತಿ ಇದ್ದುದರಿಂದ ಅವತ್ತು ಅದೇ ಗಾಡಿಯಲ್ಲಿ ಹೊರಟೆ. ಮುಂದಿನ ಸೀಟು ಯಾವಾಗಲೂ ಖಾಲಿ. ಅಲ್ಲಿ ಕೂತೆ. ಹಿರಿಯ ಅಕ್ಕೋರು ನಡುವಿನ ಸಾಲಿನ ಕಿಟಕಿಯ ಹತ್ತಿರ. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ರಣಗುಡುತ್ತಿತ್ತು. ಏರು ಹತ್ತುವಾಗ ಮುಳ್ಳು ಅರ್ಧ ದಾಟಿತು. ಇನ್ನೂ ಒಂದಿಷ್ಟು ಏರಿತು. ಕೆಂಪು ಗೆರೆಗೆ ಇನ್ನೂ ದೂರವಿತ್ತು. ಆದರೂ ಇವರು ಒಂದು ಬೇವಿನ ಮರದಡಿ ಗಾಡಿ ಬದಿಗೆ ತೆಗೆದು ನಿಲ್ಲಿಸಿದರು. ಇಳಿದು ನೋಡಿದರೆ ರೇಡಿಯೇಟರಿನ ಮುಂದಿನ ಜಾಲರಿಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಾರಿ ಬಂದು ಅಂಟಿಕೊಂಡಿತ್ತು. ಗಾಳಿ ಆಡಲು ಜಾಗವಿರಲಿಲ್ಲ. ಚೀಲ ಎಳೆದು ತೆಗೆದರು. ಅಷ್ಟೇ ಹೇಳಿ ಹೊರಡಬಹುದಿತ್ತು. ತಡವಾಗುತ್ತದೇನೋ ಎಂದು ಹಿಂದೆ ಒಬ್ಬರು ಗಡಿಯಾರ ನೋಡುತ್ತಿದ್ದರು.

ಇವರು ಬಾಗಿಲ ಹತ್ತಿರ ಬಂದು ನಿಂತರು. ಕೈಯಲ್ಲಿ ಆ ಚೀಲ ಇನ್ನೂ ಇತ್ತು.

“ಅಕ್ಕೋರ, ನನಗ ವಾಸನಿ ತಿಳಿಯಂಗಿಲ್ರಿ. ಜ್ವರ ಬಂದು ಹೋದಾಗಿಂದ ಇಲ್ಲ. ಅವತ್ತ ನೀವು ಹೇಳಿದ್ದು ಖರೇ ಇತ್ತು, ನಾ ಟೈರಂತ ಸುಳ್ಳ ಹೇಳಿದೆ. ಈಗ ಈ ಮುಳ್ಳು ನೋಡಿ ಓಡಸ್ತೀನಿ. ಜೂನಿಗಿ ಬ್ಯಾರೆ ಗಾಡಿ ಮಾಡ್ಕೊಂಡ್ರೂ ನಂದೇನೂ ಬ್ಯಾಸರಿಲ್ಲ. ಸುಳ್ಳ ಹೇಳಿದ್ದು ಮಾತ್ರ ತಪ್ಪಾತ್ರಿ.”

ಗಡಿಯಾರ ನೋಡುತ್ತಿದ್ದವರು ಕೈ ಇಳಿಸಿದರು. ಹಿಂದಿನ ಸಾಲಿನ ಚಿಕ್ಕ ವಯಸ್ಸಿನ ಅಕ್ಕೋರೊಬ್ಬರು, ಆ ಮುಳ್ಳಿಗೆ ಬಿಸಿ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ನಿಜವಾಗಿ ತಿಳಿಯಬೇಕೆಂದು ಕೇಳಿದರೋ, ಇವರ ಮುಜುಗರ ನೋಡಲಾರದೆ ಕೇಳಿದರೋ. ಇವರು ಬಾನೆಟ್ ಎತ್ತಿದರು. ಎಂಟೂ ಜನ ಒಬ್ಬೊಬ್ಬರಾಗಿ ಇಳಿದು ಬಂದು ಸುತ್ತ ನಿಂತರು. ಸೆನ್ಸರ್ ಎಲ್ಲಿದೆ, ನೀರಿನಲ್ಲಿ ಏಕೆ ಮುಳುಗಿರಬೇಕು, ಬಿಸಿ ಗಾಡಿಯ ಮುಚ್ಚಳ ಏಕೆ ತೆಗೆಯಬಾರದು, ಮುಳ್ಳು ಎಲ್ಲಿಗೆ ಬಂದರೆ ನಿಲ್ಲಿಸಬೇಕು. ನಮ್ಮ ಮನೆಯವರು ಕೈಯಾಡಿಸುತ್ತ ಹೇಳುತ್ತಿದ್ದರು, ಅಕ್ಕೋರು ಪ್ರಶ್ನೆ ಕೇಳುತ್ತಿದ್ದರು. ಗಾಡಿ ತಣ್ಣಗಾಗುವವರೆಗೆ ಪಾಠ ನಡೆಯಿತು. ಏಳನೇ ಕ್ಲಾಸಿನಲ್ಲಿ ಇವರನ್ನು ನಪಾಸು ಮಾಡಿದ ಮಾಸ್ತರರು ಆ ಬೇವಿನ ಮರದಡಿ ಇರಬೇಕಿತ್ತು ಎಂದು ನನ್ನ ಆಸೆ.

ಎಲ್ಲರೂ ಮತ್ತೆ ಏರಿದರು. ಹಿರಿಯ ಅಕ್ಕೋರು ಮಾತ್ರ ತಮ್ಮ ಕಿಟಕಿಯ ಜಾಗಕ್ಕೆ ಹೋಗಲಿಲ್ಲ. ಊಟದ ಡಬ್ಬಿಯ ಚೀಲ ಹಿಡಿದುಕೊಂಡು ಮುಂದಿನ ಬಾಗಿಲ ಹತ್ತಿರ ಬಂದರು.

“ನೀ ಹಿಂದ ಹೋಗವ್ವಾ,” ಎಂದರು ನನಗೆ. “ಇನ್ನು ಮ್ಯಾಲೆ ಇಲ್ಲಿ ನಾ ಕುಂದರ್ತೀನಿ. ನನಗ ವಾಸನಿ ಚಲೋ ತಿಳೀತೈತಿ.”

ಇವರು ಸ್ಟೇರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಿದ್ದರು. ನಾನು ಇಳಿದು ಜಾಗ ಬಿಟ್ಟುಕೊಟ್ಟೆ.